ಯೋಚಿಸದೆ ಮಾಡಿದ್ದಕ್ಕೆ ಕನ್ನಡದಲ್ಲಿ ಏನನ್ನಬೇಕು? ಇದ್ದಕ್ಕಿದ್ದಂತೆ, ದಿಢೀರನೆ, ದುಡುಕಿ, ಹಂಗೇ ಸುಮ್ನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಯೋಚಿಸದೆ ಒಂದು ಕೆಲಸ ಮಾಡಿದೆ ಎನ್ನಲು ಒಂದೇ ಒಂದು ಪದ ಹೇಳಿ, ಸಾಕು.

ಸಾಕಾಗುವುದಿಲ್ಲ. ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಇದ್ದಕ್ಕಿದ್ದಂತೆ, ದಿಢೀರನೆ, ಏಕಾಏಕಿ, ಹಠಾತ್ತನೆ, ಥಟ್ಟನೆ, ಅಚಾನಕ್ಕಾಗಿ, ಹಿಂದುಮುಂದು ನೋಡದೆ, ತೋಚಿದಂತೆ, ಮನಬಂದಂತೆ ಎಲ್ಲ ಒಂದರ ಪಕ್ಕ ಒಂದು ಕೂತಿರುತ್ತವೆ. ವಾಕ್ಯದೊಳಗೆ ತಂದು ಕೂರಿಸಿದರೆ ಜಗಳ ಶುರು. 'ಅವನು ಇದ್ದಕ್ಕಿದ್ದಂತೆ ಕೆಲಸ ಬಿಟ್ಟ' ಎಂದರೆ ನಮಗೆ ಗೊತ್ತಿರಲಿಲ್ಲ ಎಂದಷ್ಟೇ ಅರ್ಥ. 'ಹಿಂದುಮುಂದು ನೋಡದೆ ಕೆಲಸ ಬಿಟ್ಟ' ಎಂದರೆ ಅವನೇ ಯೋಚಿಸಿರಲಿಲ್ಲ ಎಂದು. ಮೊದಲನೆಯದು ಸುದ್ದಿ, ಎರಡನೆಯದು ದೂರು.

ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ಇಷ್ಟರಲ್ಲೇ ಇದೆ. ಪದ ಆರಿಸುವ ಮೊದಲು ಕೇಳಿಕೊಳ್ಳಿ: ಆಶ್ಚರ್ಯ ಆದದ್ದು ಯಾರಿಗೆ, ಮಾಡಿದವನಿಗೋ ನೋಡಿದವನಿಗೋ?

ದಿಢೀರನೆ, ಏಕಾಏಕಿ, ಇದ್ದಕ್ಕಿದ್ದಂತೆ: ಈ ಮೂರಕ್ಕೆ ವ್ಯತ್ಯಾಸ ಏನು?

ಮೂರೂ ನೋಡಿದವನ ಕಡೆಯ ಪದಗಳು. ಮಾಡಿದವನ ತಲೆಯೊಳಗೆ ಏನಿತ್ತು ಎಂಬುದನ್ನು ಇವು ಹೇಳುವುದೇ ಇಲ್ಲ.

2016ರ ನವೆಂಬರ್ 8ರ ರಾತ್ರಿ 8ಕ್ಕೆ 500 ಮತ್ತು 1000 ರೂಪಾಯಿ ನೋಟು ರದ್ದಾಯಿತೆಂಬ ಘೋಷಣೆ ಬಂತು, ನಡುರಾತ್ರಿಯಿಂದಲೇ ಜಾರಿ. ಜನರ ಬಾಯಲ್ಲಿ ಅದು 'ದಿಢೀರ್', 'ಏಕಾಏಕಿ'. ಆ ಮಾತು ಸರಿಯೇ, ನಮಗೆ ಸಿಕ್ಕಿದ್ದು ನಾಲ್ಕು ಗಂಟೆ. ಆದರೆ ಎರಡೇ ದಿನದಲ್ಲಿ ಹೊಸ 2000ದ ನೋಟು ಬ್ಯಾಂಕಿನಲ್ಲಿ ಕೈಗೆ ಬಂತು ಎಂದರೆ ಅದು ಅಚ್ಚಾದದ್ದು ಅದಕ್ಕೂ ಮೊದಲೇ ತಾನೆ? ಹಾಗಾಗಿ 'ಸರ್ಕಾರ ದಿಢೀರನೆ ರದ್ದು ಮಾಡಿತು' ಎಂಬ ವಾಕ್ಯಕ್ಕೂ 'ಮೊದಲೇ ತಯಾರಿ ಮಾಡಿಕೊಂಡಿತ್ತು' ಎಂಬ ವಾಕ್ಯಕ್ಕೂ ಜಗಳವಿಲ್ಲ. ತಯಾರಿ ಸಾಕಿತ್ತೇ, ನಿರ್ಧಾರ ಸರಿಯಿತ್ತೇ ಎಂಬುದು ಬೇರೆ ಚರ್ಚೆ, ಅದಕ್ಕೆ ಬೇರೆ ಕ್ರಿಯಾವಿಶೇಷಣಗಳು ಬೇಕು.

ಇನ್ನು ಮೂರರೊಳಗಿನ ಸಣ್ಣ ವ್ಯತ್ಯಾಸ. 'ಇದ್ದಕ್ಕಿದ್ದಂತೆ' ಮೂರರಲ್ಲಿ ಸಾಧು. ಮಳೆಗೂ ಬಳಸಬಹುದು, ಮನುಷ್ಯನಿಗೂ ಬಳಸಬಹುದು. 'ದಿಢೀರ್'ನಲ್ಲಿ ಸದ್ದಿದೆ, ವೇಗವಿದೆ. ಬೆಲೆ ಕುಸಿತ, ಸಚಿವರ ಭೇಟಿ, ರಸ್ತೆ ತಡೆ ಎಲ್ಲಕ್ಕೂ ಪತ್ರಿಕೆಗಳಿಗೆ ಈ ಪದವೆಂದರೆ ಬಲು ಪ್ರೀತಿ. 'ಏಕಾಏಕಿ'ಯಲ್ಲಿ ಮಾತ್ರ ಮುನಿಸಿನ ವಾಸನೆ ಇದೆ: ಹೇಳಲಿಲ್ಲ, ಕೇಳಲಿಲ್ಲ, ನೋಟಿಸ್ ಕೊಡಲಿಲ್ಲ. 'ಏಕಾಏಕಿ ನೀರು ನಿಲ್ಲಿಸಿದರು' ಎಂದು ಬೈಯುತ್ತೇವೆ. 'ಏಕಾಏಕಿ ನನಗೆ ಬಹುಮಾನ ಕೊಟ್ಟರು' ಎಂದರೆ ಯಾಕೋ ಬಾಯಿ ಕಹಿಯಾಗುತ್ತದೆ, ಅಲ್ಲವೇ? ಮರಾಠಿಯಲ್ಲೂ ಇದೇ ರೂಪದ ಪದ ಬಳಕೆಯಲ್ಲಿದೆ.

ಹಾಗಾದರೆ ಮಾಡಿದವನೇ ಯೋಚಿಸಿರಲಿಲ್ಲ ಎನ್ನಲು?

ಇಲ್ಲಿ ಕನ್ನಡ ಒಂಟಿ ಪದಕ್ಕಿಂತ 'ಅದೆ' ಪ್ರತ್ಯಯದ ನಿಷೇಧರೂಪಗಳನ್ನೇ ನೆಚ್ಚಿಕೊಂಡಿದೆ: ಯೋಚಿಸದೆ, ಆಲೋಚಿಸದೆ, ಹಿಂದುಮುಂದು ನೋಡದೆ, ಹೇಳದೆ ಕೇಳದೆ. ಏನನ್ನು ಮಾಡಬೇಕಿತ್ತೋ ಅದನ್ನು ಮಾಡಲಿಲ್ಲ ಎಂದು ಬೆರಳು ತೋರಿಸುವ ಕ್ರಮ ಇದು. 'ಹಿಂದುಮುಂದು ನೋಡದೆ' ಎಂಬ ಚಿತ್ರವಂತೂ ರಸ್ತೆ ದಾಟುವವನನ್ನೇ ಕಣ್ಣ ಮುಂದೆ ನಿಲ್ಲಿಸುತ್ತದೆ.

ಬೈಗುಳಕ್ಕೆ ಇನ್ನೂ ಹತ್ತಿರ ಹೋಗಬೇಕಾದರೆ 'ದುಡುಕಿ'. ದುಡುಕು ಎಂಬುದು ಕನ್ನಡದ ತುಂಬ ಒಳ್ಳೆಯ ಪದ. ಅದರಲ್ಲಿ ವೇಗವೂ ಇದೆ, ತಪ್ಪೂ ಇದೆ, ಆದರೆ ಕೆಟ್ಟತನ ಇಲ್ಲ. ದುಡುಕಿದವನನ್ನು ಮನೆಯವರು ಕ್ಷಮಿಸುತ್ತಾರೆ. 'ಯಾಕಪ್ಪಾ ದುಡುಕಿಬಿಟ್ಟೆ?' ಎನ್ನುವ ಅಪ್ಪ ಮಗನ ಪಕ್ಕದಲ್ಲೇ ಕೂತಿರುತ್ತಾನೆ, ಎದುರಲ್ಲಿ ನಿಂತಿರುವುದಿಲ್ಲ.

'ಆತುರದಿಂದ', 'ಅವಸರದಲ್ಲಿ', 'ಗಡಿಬಿಡಿಯಲ್ಲಿ' ಇವಕ್ಕೂ ಯೋಜನೆಗೂ ನೇರ ನಂಟಿಲ್ಲ. ವಾರಗಟ್ಟಲೆ ಯೋಜಿಸಿದ ಮದುವೆಯ ಬೆಳಿಗ್ಗೆಯೂ ಗಡಿಬಿಡಿ ಇದ್ದೇ ಇರುತ್ತದೆ. ಆದರೂ 'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ಗಾದೆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿಹಾಕಿದೆ.

ಹಠಾತ್, ಅಕಸ್ಮಾತ್ ಇವು ಎಲ್ಲಿಂದ ಬಂದವು?

ಎರಡೂ ಸಂಸ್ಕೃತದ ಪಂಚಮೀ ವಿಭಕ್ತಿಯ ರೂಪಗಳು. 'ಹಠಾತ್' ಎಂದರೆ ಹಠದಿಂದ. ನಮಗೆ ಹಠ ಎಂದರೆ ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡುವ ಮಗು, ಆದರೆ ಸಂಸ್ಕೃತದಲ್ಲಿ ಅದಕ್ಕೆ ಬಲ, ಬಲಾತ್ಕಾರ ಎಂಬ ಅರ್ಥ. 'ಕಸ್ಮಾತ್' ಎಂದರೆ ಯಾವುದರಿಂದ, ಏತಕ್ಕೆ. ಅದಕ್ಕೆ 'ಅ' ಸೇರಿ 'ಅಕಸ್ಮಾತ್', ಯಾವ ಕಾರಣವೂ ಇಲ್ಲದೆ. ಒಂದು ನುಗ್ಗಿ ಬರುವುದು, ಇನ್ನೊಂದು ಏಕೆಂದು ತಿಳಿಯದೆ ಬರುವುದು. ಕನ್ನಡದಲ್ಲಿ ಇಂದಿಗೂ ಈ ಎರಡು ಬಣ್ಣ ಉಳಿದಿವೆ: ಬ್ರೇಕ್ ಹಾಕುವುದು ಹಠಾತ್ತನೆ, ಹಳೆಯ ಗೆಳೆಯ ಸಿಗುವುದು ಅಕಸ್ಮಾತ್ತಾಗಿ. ಅದಲುಬದಲು ಮಾಡಿ ನೋಡಿ, ಗೆಳೆಯ ಬಂದು ಡಿಕ್ಕಿ ಹೊಡೆದಂತಾಗುತ್ತದೆ.

ಮೂರನೆಯದು 'ಸಹಸಾ'. ಇದೂ ಬಲ ಎಂಬರ್ಥದ 'ಸಹಸ್' ಎಂಬುದರಿಂದಲೇ ಬಂದದ್ದು. ಸಾಹಸ ಎಂಬ ಪದದ ಹುಟ್ಟೂ ಅದೇ. ಭಾರವಿಯ ಸಂಸ್ಕೃತ ಕಾವ್ಯ ಕಿರಾತಾರ್ಜುನೀಯದ ಎರಡನೆಯ ಸರ್ಗದಲ್ಲಿ ಕೆರಳಿ ನಿಂತ ಭೀಮನಿಗೆ ಧರ್ಮರಾಯ ಹೇಳುವುದು ಈ ಪದವನ್ನೇ ಹಿಡಿದು: ಸಹಸಾ ಯಾವ ಕೆಲಸಕ್ಕೂ ಕೈಹಾಕಬಾರದು, ಅವಿವೇಕವೇ ಆಪತ್ತುಗಳ ನೆಲೆ. ವಿಚಿತ್ರವೆಂದರೆ ಇದೇ 'ಸಹಸಾ' ಮರಾಠಿಗೆ ಹೋಗಿ 'ಸಾಮಾನ್ಯವಾಗಿ' ಎಂಬ ಅರ್ಥ ಪಡೆದಿದೆ. ಬೆಳಗಾವಿ ಕಡೆಯ ಗೆಳೆಯರೊಬ್ಬರು ಮರಾಠಿ ಪತ್ರವೊಂದನ್ನು ಅನುವಾದಿಸುವಾಗ 'ಅವರು ಹಠಾತ್ತನೆ ಮನೆಯಲ್ಲಿರುವುದಿಲ್ಲ' ಎಂದು ಬರೆದು ನಗೆಪಾಟಲಾದದ್ದುಂಟು.

'ಅಕಸ್ಮಾತ್ತಾಗಿ', 'ಹಠಾತ್ತಾಗಿ' ಎನ್ನುವುದು ತಪ್ಪಲ್ಲವೇ? ವಿಭಕ್ತಿಯ ಮೇಲೆ ಮತ್ತೆ 'ಆಗಿ' ಯಾಕೆ?

ಸಂಸ್ಕೃತದ ಲೆಕ್ಕದಲ್ಲಿ ಅನಗತ್ಯ, ಕನ್ನಡದ ಲೆಕ್ಕದಲ್ಲಿ ಸಹಜ. ಕನ್ನಡಿಗರ ಕಿವಿಗೆ ಆ ಹಳೆಯ ವಿಭಕ್ತಿ ಕೇಳಿಸುವುದಿಲ್ಲ, ಹಾಗಾಗಿ ತಮ್ಮದೊಂದು ಬಾಲ ಸೇರಿಸಿಕೊಂಡರು. ತಿದ್ದಲು ಹೋಗಬೇಡಿ. ಮಾತಿನಲ್ಲಂತೂ 'ಅಕಸ್ಮಾತ್' ಇನ್ನೊಂದು ಕೆಲಸಕ್ಕೂ ಸೇರಿಕೊಂಡಿದೆ: 'ಅಕಸ್ಮಾತ್ ಮಳೆ ಬಂದ್ರೆ ಪಂಕ್ತಿ ಎಲ್ಲಿ ಹಾಕೋಣ?' ಇಲ್ಲಿ ಅದು 'ಒಂದು ವೇಳೆ'. ಯೋಜನೆಯಿಲ್ಲದ್ದನ್ನು ಹೇಳುವ ಪದ ಮುಂದಾಲೋಚನೆಯ ವಾಕ್ಯದಲ್ಲಿ ಬಂದು ಕೂತಿದೆ, ನೋಡಿ.

ಪದ ಯಾವುದಾದರೇನು, ಇಷ್ಟೆಲ್ಲ ಕೂದಲು ಸೀಳಬೇಕೇ?

ಕೋರ್ಟಿನಲ್ಲಿ ಸೀಳುತ್ತಾರೆ. ಭಾರತೀಯ ದಂಡ ಸಂಹಿತೆಯ 300ನೇ ಕಲಮು ಕೊಲೆ ಎಂದರೇನೆಂದು ಹೇಳಿ, ಕೆಲವು ವಿನಾಯಿತಿ ಕೊಡುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 101ನೇ ಕಲಮು. ಮೊದಲನೆಯ ವಿನಾಯಿತಿಯ ತಿರುಳು 'ಗಂಭೀರ ಮತ್ತು ಹಠಾತ್ ಪ್ರಚೋದನೆ': ಎದುರಿನವನು ಕೆರಳಿಸಿದ್ದರಿಂದ ತನ್ನ ಮೇಲಿನ ಹಿಡಿತವನ್ನೇ ಕಳೆದುಕೊಂಡಿದ್ದಾಗ ಆದ ಸಾವು. ನಾಲ್ಕನೆಯದರಲ್ಲಿ ಮುನ್ನಾಲೋಚನೆಯಿಲ್ಲದೆ, ಹಠಾತ್ ಜಗಳದಲ್ಲಿ, ಆವೇಶದ ಭರದಲ್ಲಿ ಎಂಬ ಮಾತುಗಳು ಒಟ್ಟಿಗೆ ಬರುತ್ತವೆ. ಕ್ರೂರವಾಗಿ ನಡೆದುಕೊಂಡಿರಬಾರದು ಎಂಬ ಷರತ್ತೂ ಜೊತೆಗಿದೆ. ಈ ವಿನಾಯಿತಿಯೊಳಗೆ ಬಂದರೆ ಅಪರಾಧ ಕೊಲೆಯ ಮಟ್ಟಕ್ಕೆ ಏರುವುದಿಲ್ಲ, ಶಿಕ್ಷೆಯೂ ಇಳಿಯುತ್ತದೆ.

'ಹಠಾತ್' ಎಂದರೆ ಎಷ್ಟು ಹೊತ್ತು? ಪ್ರಸಿದ್ಧ ನಾನಾವತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಗಡಿಯಾರವನ್ನೇ ಮುಂದಿಟ್ಟುಕೊಂಡಿತು. 1959ರ ಏಪ್ರಿಲ್ 27ರಂದು ಬೊಂಬಾಯಿಯಲ್ಲಿ ನೌಕಾದಳದ ಅಧಿಕಾರಿ ನಾನಾವತಿ ಪರಪುರುಷನ ಸಂಬಂಧದ ಬಗ್ಗೆ ಹೆಂಡತಿಯ ತಪ್ಪೊಪ್ಪಿಗೆ ಕೇಳಿ ಮನೆ ಬಿಟ್ಟದ್ದು ಮಧ್ಯಾಹ್ನ 1.30ಕ್ಕೆ, ಆ ಪುರುಷನ ಮೇಲೆ ಗುಂಡು ಹಾರಿದ್ದು 4.20ಕ್ಕೆ. ನಡುವೆ ಅವರು ಮನೆಯವರನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತೆಗೆದುಕೊಂಡಿದ್ದರು. ಮನಸ್ಸು ಹತೋಟಿಗೆ ಬರಲು ಅಷ್ಟು ಸಮಯ ಸಾಕು, ಇದು ಹಠಾತ್ ಅಲ್ಲ ಎಂದಿತು ನ್ಯಾಯಾಲಯ. ಜೀವಾವಧಿ ಶಿಕ್ಷೆ ಕಾಯಂ ಆಯಿತು.

ಎಫ್‌ಐಆರ್ ಬರೆಯುವವರು, ಅದನ್ನು ಸುದ್ದಿ ಮಾಡುವವರು 'ಏಕಾಏಕಿ ಹಲ್ಲೆ ಮಾಡಿದ' ಎಂದು ಅಭ್ಯಾಸಬಲದಿಂದ ಬರೆಯುತ್ತಾರೆ. ಹೊಂಚು ಹಾಕಿ ಕಾದವನೂ ಹೊಡೆಸಿಕೊಂಡವನ ಪಾಲಿಗೆ 'ಏಕಾಏಕಿ'ಯೇ ಬಂದಿರುತ್ತಾನೆ. ಆ ಪದ ನೋಡಿ 'ಪೂರ್ವಯೋಜಿತವಲ್ಲ' ಎಂದು ಓದಿಕೊಳ್ಳಬೇಡಿ.

'ಬಾಯಿಗೆ ಬಂದಂತೆ' ಎನ್ನುವುದೂ ಯೋಚಿಸದೆ ಮಾತಾಡುವುದೇ. 'ಬಾಯಿ ತಪ್ಪಿ' ಎನ್ನುವುದೂ ಅದೇ. ಎರಡೂ ಒಂದೇನಾ?

ಒಂದರಲ್ಲಿ ಬೈದವನು ನೀವು, ಇನ್ನೊಂದರಲ್ಲಿ ಕ್ಷಮೆ ಕೇಳುವವರು ನೀವು!

ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟದ ಮೂಲೆ ಇದು. ಯೋಜನೆಯಿಲ್ಲದ ಕೆಲಸದ ಹೊಣೆಯನ್ನು ಕನ್ನಡ ಮೈಯ ಒಂದೊಂದು ಅಂಗಕ್ಕೆ ಹಂಚಿಬಿಡುತ್ತದೆ. 'ಬಂದಂತೆ' ಸೇರಿದರೆ ಅಂಗಕ್ಕೆ ಕಡಿವಾಣ ಇಲ್ಲ, ಒಡೆಯ ಬೇಕೆಂದೇ ಬಿಟ್ಟಿದ್ದಾನೆ: ಬಾಯಿಗೆ ಬಂದಂತೆ ಬೈದ, ಮನಸ್ಸಿಗೆ ಬಂದಂತೆ ಖರ್ಚು ಮಾಡಿದ. 'ತಪ್ಪಿ', 'ಜಾರಿ' ಸೇರಿದರೆ ಅಂಗವೇ ಒಡೆಯನಿಗೆ ಕೈಕೊಟ್ಟಿದೆ: ಬಾಯಿ ತಪ್ಪಿ ಹೇಳಿದೆ, ಕೈತಪ್ಪಿ ಲೋಟ ಬಿತ್ತು, ಕಾಲು ಜಾರಿ ಬಿದ್ದ, ನಾಲಿಗೆ ಜಾರಿತು. ಕಚೇರಿಯ ಕಡತಗಳಲ್ಲಿ ತಪ್ಪೆಲ್ಲ 'ಕಣ್ತಪ್ಪಿನಿಂದ' ಆಗಿರುತ್ತದೆ; ಅಲ್ಲಿ ಕೈತಪ್ಪಿನಿಂದ ಏನೂ ಆಗುವುದಿಲ್ಲ, ಯಾಕೆಂದರೆ ಸಹಿ ಹಾಕಿದ್ದು ಕೈ.

ಇವೆರಡರ ನಡುವೆ 'ತೋಚಿದಂತೆ' ಇದೆ. ತೋಚುವುದು ತಲೆಗೆ, ಆದ್ದರಿಂದ ಯೋಚನೆ ಅಷ್ಟಿಷ್ಟು ಇದ್ದೇ ಇದೆ. 'ಆ ಹೊತ್ತಿಗೆ ತೋಚಿದ್ದು ಮಾಡಿದೆ' ಎಂದು ಅಪಘಾತದಲ್ಲಿ ಯಾರನ್ನೋ ಉಳಿಸಿದವರು ಹೇಳುತ್ತಾರೆ, ಹೆಮ್ಮೆಯನ್ನು ಮುಚ್ಚಿಟ್ಟುಕೊಂಡು. ಅದೇ 'ತನಗೆ ತೋಚಿದಂತೆ ಮಾಡ್ತಾನೆ' ಎಂದರೆ ಮೇಲಧಿಕಾರಿಯ ಗೊಣಗಾಟ. 'ಮನಸೋ ಇಚ್ಛೆ', 'ಮನಬಂದಂತೆ' ಇವನ್ನು ಪತ್ರಿಕೆಗಳು ಬಹುಮಟ್ಟಿಗೆ 'ಥಳಿಸಿದರು' ಎಂಬ ಕ್ರಿಯಾಪದದ ಜೊತೆಗೇ ಮದುವೆ ಮಾಡಿಸಿಬಿಟ್ಟಿವೆ.

ಥಟ್ಟನೆ, ಫಕ್ಕನೆ, ಗಕ್ಕನೆ, ಧುತ್ತನೆ: ಇವು ಪರೀಕ್ಷೆಯಲ್ಲಿ ಬಂದರೆ ಏನು ಬರೆಯಬೇಕು?

ಶಾಲೆಯ ವ್ಯಾಕರಣದಲ್ಲಿ ತಟ್ಟನೆ, ಸುಮ್ಮನೆ, ಬೇಗನೆ, ಮೆಲ್ಲಗೆ ಇವೆಲ್ಲ ಸಾಮಾನ್ಯಾವ್ಯಯ. ಪಟಪಟ, ದಬದಬ, ಚಟಚಟ ಇವು ಅನುಕರಣಾವ್ಯಯ. ಅಂಕ ಬೇಕಿದ್ದರೆ ಅಷ್ಟು ಬರೆಯಿರಿ.

ಅಂಕದ ಹಂಗಿಲ್ಲದವರಿಗೆ ಇನ್ನೊಂದು ಮಾತು. ಥಟ್ಟನೆ, ಥಟ್ಟೆಂದು, ಥಟ್ಟಂತ ಎಂಬ ಮೂರು ರೂಪಗಳನ್ನು ಒಟ್ಟಿಗೆ ಇಟ್ಟು ನೋಡಿ. 'ಎಂದು', 'ಅಂತ' ಎಂಬಲ್ಲಿ ಇರುವುದು ಹೇಳುವ ಕ್ರಿಯೆ. ಕೆಲಸವೇ 'ಥಟ್' ಎಂದು ನುಡಿಯಿತು, ಆಮೇಲೆ ಆಯಿತು. ಈ ಪದಗಳು ಬಲು ಮಡಿವಂತರು, ಎಲ್ಲರ ಜೊತೆ ಸೇರುವುದಿಲ್ಲ: ದಿಗ್ಗನೆ ಏಳಬಹುದು, ದಿಗ್ಗನೆ ಕೂರುವಂತಿಲ್ಲ. ಗಕ್ಕನೆ ನಿಲ್ಲಬಹುದು, ಗಕ್ಕನೆ ಹೊರಡುವಂತಿಲ್ಲ. ಧುತ್ತನೆ ಎದುರಾಗಬಹುದು, ಧುತ್ತನೆ ಮಾಯವಾಗುವುದು ಕಷ್ಟ. ಲಬಕ್ಕನೆ ಹಿಡಿಯುವುದು ಮಾತ್ರ. ಫಕ್ಕನೆ ನಗುವುದು ಎಲ್ಲ ಕಡೆ ಇದೆ. ದಕ್ಷಿಣ ಕನ್ನಡದಲ್ಲಿ 'ಫಕ್ಕನೆ ನೆನಪಾಗುವುದಿಲ್ಲ' ಎಂದೂ ಹೇಳುತ್ತಾರೆ, ಅಲ್ಲಿ ಅದು 'ಥಟ್ಟನೆ'ಯ ಕೆಲಸ ಮಾಡುತ್ತಿದೆ.

ಕ್ರಿಯಾವಿಶೇಷಣವೇ ಇಲ್ಲದೆ ಇದನ್ನು ಹೇಳಬಹುದೇ?

ಹೇಳಬಹುದು, ಮತ್ತು ಮಾತಿನಲ್ಲಿ ನಾವು ಹೆಚ್ಚಾಗಿ ಮಾಡುವುದೂ ಅದನ್ನೇ. ಕ್ರಿಯಾಪದಕ್ಕೆ 'ಬಿಡು' ಸೇರಿಸಿ. 'ಸೀರೆ ತಗೊಂಡೆ' ಎಂದರೆ ಲೆಕ್ಕ. 'ಸೀರೆ ತಗೊಂಡುಬಿಟ್ಟೆ' ಎಂದರೆ ಕಥೆ: ಬೇಳೆ ತರಲು ಹೋಗಿದ್ದೆ, ಅಂಗಡಿಯ ಗಾಜಿನಲ್ಲಿ ಕಂಡಿತು, ಈಗ ನಿಮ್ಮ ಮುಂದೆ ನಿಂತಿದ್ದೇನೆ. ಹೇಳಿಬಿಟ್ಟೆ, ಒಪ್ಪಿಕೊಂಡುಬಿಟ್ಟೆ, ಅತ್ತುಬಿಟ್ಟೆ. ಇನ್ನೊಂದು ಹೆಜ್ಜೆ ಮುಂದೆ 'ಹೋಗು': 'ಆಗಿಹೋಯ್ತು'. ಅಲ್ಲಿ ಮಾಡಿದವನೇ ವಾಕ್ಯದಿಂದ ಕಾಣೆ.

ಅನುವಾದ ಮಾಡುವವರು ಇದನ್ನು ಮರೆಯುತ್ತಾರೆ. ಮೂಲದಲ್ಲಿ ಒಂದು ಕ್ರಿಯಾವಿಶೇಷಣ ಕಂಡರೆ ಕನ್ನಡದಲ್ಲೂ ಒಂದನ್ನು ಹುಡುಕುತ್ತಾರೆ. 'ಅವಳು ಯಾವುದೇ ಪೂರ್ವಾಲೋಚನೆಯಿಲ್ಲದೆ ಹೌದು ಎಂದಳು' ಎಂಬ ವಾಕ್ಯ ತಿದ್ದಲು ಬಂದರೆ ನಾನು 'ಹ್ಞೂಂ ಅಂದುಬಿಟ್ಟಳು' ಎಂದು ಮಾಡಿ ಮುಂದೆ ಹೋಗುತ್ತೇನೆ.

ಇಂಗ್ಲಿಷಿನ 'ಸ್ಪಾಂಟೇನಿಯಸ್' ಎಂಬುದಕ್ಕೆ 'ಸ್ವಯಂಪ್ರೇರಿತವಾಗಿ' ಸರಿಯೇ?

ಕೆಲವು ಕಡೆ ಮಾತ್ರ. ಸ್ವಯಂಪ್ರೇರಿತ ಎಂದರೆ ಬೇರೆಯವರು ಹೇಳದೆ, ತಾನಾಗಿ. ನ್ಯಾಯಾಲಯ ಸ್ವಯಂಪ್ರೇರಿತ ದೂರು ದಾಖಲಿಸಿಕೊಳ್ಳುತ್ತದೆ, ಅಂಗಡಿಯವರು ಸ್ವಯಂಪ್ರೇರಿತರಾಗಿ ಬಾಗಿಲು ಹಾಕುತ್ತಾರೆ (ಹಾಕಿಸಿದಾಗಲೂ ಹಾಗೇ ಬರೆಯುತ್ತಾರೆ, ಇರಲಿ). ಅದರಲ್ಲಿ ಯೋಚನೆ, ಯೋಜನೆ ಧಾರಾಳವಾಗಿ ಇರಬಹುದು. 'ಮಗು ಸ್ವಯಂಪ್ರೇರಿತವಾಗಿ ಕುಣಿಯಿತು' ಎಂದು ಬರೆದರೆ ಮಗು ಅರ್ಜಿ ಕೊಟ್ಟು ಕುಣಿದಂತಿರುತ್ತದೆ. 'ತನ್ನಷ್ಟಕ್ಕೆ ತಾನೇ ಕುಣಿಯತೊಡಗಿತು' ಸಾಕು.

ಆಶುಭಾಷಣ, ಆಶುಕವಿತೆ ಎನ್ನುತ್ತಾರಲ್ಲ, ಅದೂ ತಯಾರಿಯಿಲ್ಲದ್ದೇ?

ಆಶು ಎಂದರೆ ವೇಗವಾದದ್ದು. ವಿಷಯಕ್ಕೆ ತಯಾರಿ ಇಲ್ಲ, ವಿದ್ಯೆಗೆ ಇದೆ. ಶಾಲೆಯಲ್ಲಿ ಚೀಟಿ ಎತ್ತಿ ನಾಲ್ಕು ನಿಮಿಷ ಮಾತಾಡುವ ಹುಡುಗಿಯಿಂದ ಹಿಡಿದು ಅವಧಾನದ ವೇದಿಕೆಯವರೆಗೆ ಇದೇ ನಿಯಮ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು, ಎಂದರೆ ಪ್ರಶ್ನೆ ಕೇಳುವವರು, ಅವಧಾನಿಯ ಸುತ್ತ ಕೂತಿರುತ್ತಾರೆ. ಒಬ್ಬರು ಪದ್ಯದ ಕೊನೆಯ ಸಾಲು ಕೊಟ್ಟು ಉಳಿದದ್ದನ್ನು ಪೂರೈಸಿ ಎನ್ನುತ್ತಾರೆ. ಇನ್ನೊಬ್ಬರು ಒಂದೊಂದು ಅಕ್ಷರಕ್ಕೂ ಅಡ್ಡಗಾಲು ಹಾಕುತ್ತಾರೆ. ಅಪ್ರಸ್ತುತ ಪ್ರಸಂಗದವರು ನಡುನಡುವೆ ಸಂಬಂಧವಿಲ್ಲದ ಪ್ರಶ್ನೆ ಎಸೆದು ಏಕಾಗ್ರತೆ ಕೆಡಿಸುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡಿದವರು 'ಥಟ್ಟನೆ ಹೇಳಿದರು' ಎಂದಾರು, 'ತೋಚಿದಂತೆ ಹೇಳಿದರು' ಎನ್ನಲಾರರು. ಅಲ್ಲಿ ಛಂದಸ್ಸು ಮಿಸುಕಾಡಲು ಬಿಡುವುದಿಲ್ಲ.

ಕರಾವಳಿಯವರಿಗೆ ತಾಳಮದ್ದಳೆ ಗೊತ್ತು, ವೇಷ ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಭಾಗವತರು ಹಾಡುವ ಪ್ರಸಂಗದ ಪದ್ಯ ಮೊದಲೇ ಇದೆ, ಆದರೆ ಅದಕ್ಕೆ ಅರ್ಥ ಹೇಳುವವರಿಗೆ ಬರೆದಿಟ್ಟ ಮಾತಿಲ್ಲ. ಎದುರಿನ ಅರ್ಥಧಾರಿ ಎತ್ತುವ ಪ್ರಶ್ನೆ ಇಂದು ಒಂದು, ನಾಳೆ ಇನ್ನೊಂದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಹೆಸರು ನಿಂತದ್ದು ಈ ಎದುರುತ್ತರದ ಮೇಲೆ. ಸಂಗೀತದವರು ಇದಕ್ಕೆ 'ಮನೋಧರ್ಮ' ಎನ್ನುತ್ತಾರೆ: ಆಲಾಪನೆ, ನೆರವಲ್, ಕಲ್ಪನಾಸ್ವರ. ಮನಬಂದಂತೆ ಹಾಡುವುದಕ್ಕೂ ಮನೋಧರ್ಮಕ್ಕೂ ಎರಡರಲ್ಲೂ 'ಮನ' ಇದೆ. ಮೊದಲನೆಯದನ್ನು ಮೇಷ್ಟ್ರ ಮುಂದೆ ಮಾಡಿ ನೋಡಿ, ವ್ಯತ್ಯಾಸ ಅವರೇ ತಿಳಿಸುತ್ತಾರೆ.

'ಹಂಗೇ ಸುಮ್ನೆ' ಎಂದರೆ ನಿಜಕ್ಕೂ ಏನೂ ಉದ್ದೇಶವಿಲ್ಲ ಎಂದೇ?

ಹೇಳುವವನ ಪ್ರಕಾರ ಹೌದು. ಕೇಳಿದವರು ನಂಬಿದ್ದನ್ನು ನಾನು ಕಂಡಿಲ್ಲ. ಒಮ್ಮೆ ದಾರಿಯಲ್ಲಿ ಊರು ಸಿಕ್ಕಿತೆಂದು ಸೋದರತ್ತೆಯ ಮನೆಗೆ ಹೋದೆ.

'ಏನೋ, ಏನ್ ವಿಷ್ಯ?'

'ಏನಿಲ್ಲ ಅತ್ತೆ, ಹಂಗೇ ಸುಮ್ನೆ ಬಂದೆ.'

ಕಾಫಿ ಬಂತು. ಉಪ್ಪಿಟ್ಟು ಬಂತು. ಅತ್ತೆ ಎದುರಿಗೆ ಕೂತು ಮತ್ತೆ, 'ಅಪ್ಪ ಏನಾದ್ರೂ ಹೇಳಿ ಕಳಿಸಿದ್ರಾ?' ಸಂಜೆ ಬಸ್ಸು ಹತ್ತುವಾಗ ಮೂರನೇ ಸಲ, 'ಪರ್ವಾಗಿಲ್ಲ, ಹೇಳು.' ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಇವತ್ತಿಗೂ ಅವರಿಗೆ ನಾನು ಸಾಲ ಕೇಳಲು ಬಂದು ನಾಚಿಕೊಂಡು ಹೋದವನು.

'ಸುಮ್ಮನೆ' ಎರಡು ಸಲ ಬಂದು 'ಸುಮ್ಮಸುಮ್ಮನೆ' ಆದರೆ ಅರ್ಥ ತಿರುಗುತ್ತದೆ: ಕಾರಣವಿಲ್ಲದೆ, ಅನ್ಯಾಯವಾಗಿ. ಸುಮ್ಮನೆ ನಕ್ಕರೆ ಚೆಂದ, ಸುಮ್ಮಸುಮ್ಮನೆ ನಕ್ಕರೆ ಮನೆಯವರಿಗೆ ಚಿಂತೆ.

ಗಂಟುಮೂಟೆ ಕಟ್ಟದೆ, ತಯಾರಾಗದೆ ಹೊರಟೆ ಎನ್ನಲು?

'ನಿಂತ ನಿಲುವಿನಲ್ಲೇ ಹೊರಟೆ', 'ಉಟ್ಟ ಬಟ್ಟೆಯಲ್ಲೇ ಹೊರಟೆ'. ಹೆಚ್ಚಾಗಿ ಸಾವಿನ ಸುದ್ದಿಗೋ ಆಸ್ಪತ್ರೆಗೋ ಹೊರಟವರ ಮಾತು ಇದು, ಹಬ್ಬಕ್ಕೆ ಬಳಸಬೇಡಿ.

ದಿಢೀರ್ ದೋಸೆಯ 'ದಿಢೀರ್' ಕೂಡ ಇದೇ ಪದವೇ?

ಇದೇ. ಆದರೆ ಅಡುಗೆಮನೆಯಲ್ಲಿ ಅದು ಆಶ್ಚರ್ಯವನ್ನು ಕಳೆದುಕೊಂಡು ಸೌಲಭ್ಯವಾಗಿದೆ: ನೆನೆಸಬೇಕಿಲ್ಲ, ರುಬ್ಬಬೇಕಿಲ್ಲ, ಹುದುಗು ಬರಲು ರಾತ್ರಿ ಕಾಯಬೇಕಿಲ್ಲ. ರವೆ ಇಡ್ಲಿಯ ಬಗ್ಗೆ ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಳ್ಳುವ ಕಥೆ ಇಲ್ಲಿ ಹೊಂದುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಅಕ್ಕಿಯ ಬದಲು ರವೆ ಹಾಕಿ ನೋಡಿದರಂತೆ. ಇಂಥ ಕೆಲಸಕ್ಕೆ ಮನೆಯ ಹೆಂಗಸರ ಪದ 'ಸುಧಾರಿಸುವುದು'. 'ನೆಂಟರು ಹೇಳದೆ ಕೇಳದೆ ಬಂದ್ರು, ಇದ್ದುದರಲ್ಲೇ ಸುಧಾರಿಸಿದೆ.' ಈ ವಾಕ್ಯದಲ್ಲಿ ಯೋಜನೆಯಿಲ್ಲದವರು ನೆಂಟರು, ಯೋಚಿಸಿದವಳು ಅಡುಗೆಯವಳು. ಮೊದಲನೇ ಪ್ರಶ್ನೆಗೆ ನಾನು ಇದನ್ನೇ ಉದಾಹರಣೆ ಕೊಡಬೇಕಿತ್ತು.

'ಕಾಕತಾಳೀಯ'ವನ್ನು ಈ ಪಟ್ಟಿಗೆ ಸೇರಿಸಬಹುದೇ?

ಬೇಡ. ಕಾಗೆ ಬಂದು ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಎರಡು ಘಟನೆ ಬೇಕು. ಒಬ್ಬನೇ ಒಂದೇ ಕೆಲಸವನ್ನು ಕಾಕತಾಳೀಯವಾಗಿ ಮಾಡಲಾರ.

ಉತ್ತರ ಕರ್ನಾಟಕದಲ್ಲಿ ಏನನ್ನುತ್ತಾರೆ?

'ಒಮ್ಮೆಲೇ', 'ಒಮ್ಮಿಂದೊಮ್ಮೆಲೇ'. ಬರಹಕ್ಕೂ ಒಗ್ಗುವ ಅಚ್ಚಗನ್ನಡ ಪದಗಳು, ಹಠಾತ್ತಿಗಿಂತ ಕಿವಿಗೆ ಹಿತ. ಹಿಂದಿ, ಮರಾಠಿಯ ನೆರೆಯಿಂದ ಬಂದ 'ಅಚಾನಕ್' ಈಗ ಬೆಂಗಳೂರಿನ ಬಾಯಲ್ಲೂ ಓಡಾಡುತ್ತಿದೆ.

ಕಾಗುಣಿತ: ದಿಢೀರ್ ಸರಿಯೋ, ಧಿಡೀರ್ ಸರಿಯೋ?

ದಿಢೀರ್. ಮಹಾಪ್ರಾಣ ಎರಡನೆಯ ಅಕ್ಷರಕ್ಕೆ. ತಟ್ಟನೆ, ಥಟ್ಟನೆ ಎರಡೂ ನಡೆಯುತ್ತವೆ. 'ಇದ್ದಕ್ಕಿದ್ದಂತೆ' ಒಂದೇ ಪದವಾಗಿ ಬರೆಯಿರಿ, 'ಇದ್ದಕ್ಕಿದ್ದ ಹಾಗೆ' ಎಂಬುದನ್ನು ಬಿಡಿಸಿ ಬರೆಯಿರಿ. 'ಹಠಾತ್ತನೆ'ಗೆ ತಕಾರ ಎರಡು. 'ಹಟಾತ್' ಎಂದು ಫಲಕದಲ್ಲಿ ಕಂಡರೆ ನಕ್ಕು ಮುಂದೆ ಹೋಗಿ. ಹಟ ಎಂಬ ತದ್ಭವ ಇದೆ, ಆದರೆ ಅದಕ್ಕೆ ಸಂಸ್ಕೃತದ ವಿಭಕ್ತಿ ಅಂಟಿಸಲು ಬರುವುದಿಲ್ಲ.